ಕಾಲೆತ್ತದ ಗಂಡುನಾಯಿ

ಗಂಡುನಾಯಿ ಕಂಬ ಕಂಡಲ್ಲೆಲ್ಲ ಕಾಲೆತ್ತುವುದನ್ನು ನೀವೂ ನೋಡಿರುತ್ತೀರಿ. ಅದರಲ್ಲಿ ನಾಯಿಯ ಹೆಚ್ಚುಗಾರಿಕೆ ಏನೂ ಇಲ್ಲ. ಮಿದುಳಿನ ಬುಡದ ಕಡಲೆಕಾಳಿನಷ್ಟು ಗ್ರಂಥಿಯೊಂದು ರಕ್ತದ ಮೂಲಕ ವೃಷಣಕ್ಕೆ ಅಪ್ಪಣೆ ಕಳಿಸುತ್ತದೆ, ವೃಷಣ ಗಂಡು ಹಾರ್ಮೋನು ಮಾಡುತ್ತದೆ, ಕಾಲು ಮೇಲೇಳುತ್ತದೆ. ಇಷ್ಟು ಸಣ್ಣ ವ್ಯವಹಾರಕ್ಕೆ ಪೌರುಷವೆಂದು ಹೆಸರಿಟ್ಟು ಮೀಸೆ ತಿರುವುವ ಪ್ರಾಣಿ ಗಂಡಸೊಬ್ಬನೇ. ಅಂಥವರಲ್ಲಿ ನಾನು ಮೊದಲಿಗ.

ಕಾಲುವೆಗೆ ನೀರು ಬಿಡತೊಡಗಿದ ಕಾಲ. ನಾರಾಯಣಪುರ ಅಣೆಕಟ್ಟೆಯ ಕ್ವಾರ್ಟರ್ಸಿನಲ್ಲಿ ನಾನು ಹತ್ತನೇ ಇಯತ್ತೆ ಕಲಿತ ಗುಮಾಸ್ತ, ನನ್ನ ನಾಯಿ ಸರ್ದಾರ. ಸಾಹೇಬರ ಮುಂದೆ ದಿನವಿಡೀ ಬಾಗಿದ ನನ್ನ ಬೆನ್ನು ಸಂಜೆ ಅದರ ಬೊಗಳು ಕೇಳಿ ನೆಟ್ಟಗಾಗುತ್ತಿತ್ತು. ಒಂದು ಬೇಸಿಗೆಯಲ್ಲಿ ಸರ್ದಾರನ ಪಕ್ಕೆಯ ಕೂದಲು ಉದುರಿ, ಮೊಲೆತೊಟ್ಟು ಉಬ್ಬಿ, ಅದು ಹೆಣ್ಣುನಾಯಿಯಂತೆ ಕುಂತು ಉಚ್ಚೆ ಹೊಯ್ಯತೊಡಗಿತು. ಕಾಲನಿಯ ಗಂಡುನಾಯಿಗಳು ಹಿಂದೆ ಸಾಲುಗಟ್ಟಿದವು. ಕಾಲುವೆ ಗೇಟು ನೋಡಿಕೊಳ್ಳುವ ಖಾಜಾಸಾಬ ಹತ್ತು ಜನರ ಮುಂದೆ, "ಸರ್ದಾರಗ ಸೀರಿ ತರ್ರಿ ಗುಮಾಸ್ತರ, ಬೀಗರು ಬಂದು ನಿಂತಾರ" ಎಂದ.

ಸುರಪುರದ ಪಶುವೈದ್ಯರು ಬಿಡಿಸಿ ಹೇಳಿದರು: ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದ ಒಂದು ವೃಷಣ ಗಂಟಾಗಿ ಹೆಣ್ಣು ಹಾರ್ಮೋನು ಸುರಿಸುತ್ತಿದೆ; ಅದು ರಕ್ತದಲ್ಲಿ ತುಂಬಿದ್ದರಿಂದ ಮಿದುಳು ಇನ್ನು ಸಾಕೆಂದು ಅಪ್ಪಣೆ ನಿಲ್ಲಿಸಿದೆ; ಸರಿಯಿದ್ದ ಇನ್ನೊಂದೂ ಬತ್ತುತ್ತಿದೆ. ಎರಡನ್ನೂ ತೆಗೆಯಬೇಕು, ತಡವಾದರೆ ಎಲುಬಿನೊಳಗೆ ರಕ್ತ ಹುಟ್ಟುವುದೇ ನಿಲ್ಲುತ್ತದೆ. ನನ್ನ ಕಿವಿಗೆ ಬಿದ್ದದ್ದು ಎರಡನ್ನೂ ತೆಗೆಯಬೇಕು ಎಂಬುದೊಂದೇ. ಬೀಜ ತೆಗೆಸಿದ ನಾಯಿಯ ಯಜಮಾನನಾಗಿ ಖಾಜಾಸಾಬನ ಮುಂದೆ ಓಡಾಡುವುದೇ? ಬದಲಿಗೆ, ಗಂಡಸರು ಕದ್ದುಮುಚ್ಚಿ ಕೊಳ್ಳುವ ತಾಕತ್ತಿನ ಲೇಹ್ಯವನ್ನು ರಂಗಂಪೇಟೆಯಿಂದ ತಂದು ಮೊಟ್ಟೆಯಲ್ಲಿ ಕಲಸಿ ತಿನ್ನಿಸಿದೆ. ಹಿಂದೆ ಬಂದ ನಾಯಿಗಳಿಗೆ ಕಲ್ಲು ಬೀರಿದೆ. ನಾಯಿಗಳಿಗಾದರೂ ಮೂಗು ಇತ್ತು. ನನಗೆ ಬುದ್ಧಿಯೂ ಇರಲಿಲ್ಲ.

ಮಳೆಗಾಲದ ಹೊತ್ತಿಗೆ ಸರ್ದಾರ ಏಳುವುದೇ ಕಷ್ಟವಾಯಿತು. ಹೆಂಡತಿ ಶರಣಮ್ಮ ಅದರ ತುಟಿಯೆತ್ತಿ ಸುಣ್ಣದಂತೆ ಬಿಳಿಚಿದ ಒಸಡು ತೋರಿಸಿದಳು. "ಇದಕ್ಕ ಮರ್ಯಾದಿ ಚಿಂತಿ ಇಲ್ರಿ, ಬದುಕಬೇಕಾಗ್ಯದ. ನಿಮ್ಮ ಮೀಸಿ ಸಲುವಾಗಿ ಸಾಯಾಕತ್ತದ."

ಆಗ ಒಯ್ದೆ. ವೈದ್ಯರು ಒಸಡು ಒತ್ತಿ ನೋಡಿ, "ಈಗ ಕೊಯ್ದರ ರಕ್ತ ನಿಲ್ಲಂಗಿಲ್ರಿ" ಎಂದರು. ಆ ವಾರವೇ ಸರ್ದಾರ ನನ್ನ ಮಂಚದ ಕೆಳಗೆ ಸತ್ತಿತು.

ಹೂಳಿ ಬಂದೆ. ಖಾಜಾಸಾಬ ಬಾಗಿಲಿಗೆ ಬಂದು, ಈ ಸಲ ನಗದೆ, ಏನಾಯಿತೆಂದು ಕೇಳಿದ. ಕಾಲುವೆ ದಂಡೆಯಲ್ಲಿ ಕಾಡುಹಂದಿಯೊಡನೆ ಕಾದಾಡಿ ಸತ್ತಿತು ಎಂದೆ.

"ಗಂಡುನಾಯಿ ಅಂದ್ರ ಹಂಗಿರಬೇಕ್ರಿ" ಎಂದು ಅವನು ತಲೆದೂಗಿದ.

ಒಳಗೆ ಶರಣಮ್ಮ ಪಾತ್ರೆ ತಿಕ್ಕುತ್ತಿದ್ದ ಸದ್ದು ನಿಂತುಹೋಯಿತು. ಅವಳು ಕೇಳಿಸಿಕೊಂಡಳೆಂದು ನನಗೆ ಗೊತ್ತಾಯಿತು. ಆದರೂ, ಹೇಳಲು ನಾಚಿಕೆಯಾಗುತ್ತದೆ, ಖಾಜಾಸಾಬನ ಮಾತಿಗೆ ನನ್ನ ಎದೆ ಉಬ್ಬಿತು.