ನಾನಿಲ್ಲದೆ ನಡೆದ ನಾಟಕ

ಮೊದಲ ಪಾಠಕ್ಕೆ ಎರಡು ಗಂಟೆಗೆ ಬನ್ನಿ ಎಂದಿದ್ದರು. ಊಟ ಮುಗಿಸಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡಕ್ಕೆ ಸರಿಯಾಗಿ ಶಾಲೆಯ ಬಾಗಿಲಲ್ಲಿ ನಿಂತೆ. ತರಗತಿ ಖಾಲಿ. ಮಕ್ಕಳು ಬೆಳಿಗ್ಗೆ ಎಂಟಕ್ಕೇ ಬಂದು, ನನಗಾಗಿ ಕಾದು, ಬೇರೆ ಪಾಠಕ್ಕೆ ಎದ್ದುಹೋಗಿದ್ದರು. ಇಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ ಶುರು. ಬೆಳಗಿನ ಏಳು ಇವರಿಗೆ ಒಂದು ಗಂಟೆ, ಎಂಟು ಎರಡು ಗಂಟೆ. ಉದಯದಿಂದ ಗಳಿಗೆ ಎಣಿಸುವ ಪುರೋಹಿತರನ್ನು ನೋಡಿ ಬೆಳೆದವಳಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗಡಿಯಾರವೂ ಬೇರೆ ಭಾಷೆ ಆಡುವ ಜಾಗಕ್ಕೆ ಬಂದೆನಲ್ಲ ಎಂದುಕೊಂಡು ಖಾಲಿ ಬೆಂಚಿನ ಮೇಲೆ ಕುಳಿತೆ.

ಇದು ತಾಂಜಾನಿಯಾ ದೇಶದ ದಕ್ಷಿಣದ ಗುಡ್ಡಗಳ ಮೇಲಿರುವ ಎನ್ಜೊಂಬೆ ಎಂಬ ಊರು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂ ಟೌನ್‌ನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಶಿವಮೊಗ್ಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಸಂಜೆ ಹವ್ಯಾಸಿ ತಂಡದಲ್ಲಿ ನಾಟಕ. ಮದುವೆಯಾಗಲಿಲ್ಲ, ಶಾಲೆ ಮತ್ತು ರಿಹರ್ಸಲ್ಲಿನಲ್ಲೇ ದಿನ ತುಂಬುತ್ತಿತ್ತು. ಐವತ್ತು ದಾಟಿದ ಮೇಲೆ ಸ್ವಯಂನಿವೃತ್ತಿ ಪಡೆದು, ನಾಟಕ ಮತ್ತು ಇಂಗ್ಲಿಷ್ ಕಲಿಸುವ ಸ್ವಯಂಸೇವಕಿಯಾಗಿ ಎರಡು ವರ್ಷಕ್ಕೆ ಇಲ್ಲಿಗೆ ಹೊರಟೆ. ನ್ಯೂ ಟೌನ್‌ನಲ್ಲೇ ಇರುವ ನನ್ನ ಅಕ್ಕ ಸಾವಿತ್ರಿಗೆ ಇದು ಅರ್ಥವಾಗಲೇ ಇಲ್ಲ. "ಸಂಬಳ ಇಲ್ಲದ ಕೆಲಸಕ್ಕೆ ಯಾರಾದ್ರೂ ಸಮುದ್ರ ದಾಟ್ತಾರಾ ಮಾರಾಯ್ತಿ?" ಎಂದಿದ್ದಳು.

ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಹತ್ತಿಯ ಸೀರೆಗಳನ್ನೇ ತುಂಬಿಕೊಂಡು ಬಂದಿದ್ದೆ. ಜೂನ್‌ನಲ್ಲಿ ಇಲ್ಲಿ ಉಸಿರು ಹಬೆಯಾಗಿ ಕಾಣುತ್ತದೆ. ಊಟಕ್ಕೆ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ನಮ್ಮ ಮುದ್ದೆಯಂತೆ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡೆ, ಇದನ್ನು ಅಗಿಯಬೇಕು. ಎಡಗಡೆ ಮನೆಯ ತಮಿಳು, ಬಲಗಡೆ ಮನೆಯ ತೆಲುಗು ಕೇಳುತ್ತಾ ಬೆಳೆದವಳಿಗೆ ಸ್ವಾಹಿಲಿ ಏನು ಕಷ್ಟ ಎಂಬ ಧೈರ್ಯವಿತ್ತು. ಅಂಗಡಿಗೆ ಇವರು ದುಕಾ ಎನ್ನುತ್ತಾರೆ, ಶಿವಮೊಗ್ಗದ ಗಾಂಧಿ ಬಜಾರಿನ ದುಕಾನಿನ ಹಾಗೆ. ಚಪಾತಿ ಚಪಾತಿಯೇ, ಚಾಯ್ ಚಾಯೇ. ಆದರೆ ಅಂಗಡಿಯವಳು ಅದರ ಮುಂದೆ ಇನ್ನೊಂದು ಮಾತು ಸೇರಿಸಿದರೆ ನಾನು ಸುಮ್ಮನೆ ನಗಬೇಕಾಗುತ್ತಿತ್ತು.

ಕಷ್ಟವಾಗುತ್ತಿದ್ದದ್ದು ಭಾನುವಾರ. ಊರಿಗೆ ಊರೇ ಚರ್ಚಿಗೆ ಹೋಗಿರುತ್ತಿತ್ತು. ಗುಡ್ಡದ ಮೇಲಿಂದ ಹಾಡು ಕೇಳುತ್ತಿತ್ತು. ಕನ್ನಡ ಕೇಳಬೇಕೆನಿಸಿ ಹಳೆಯ ನಾಟಕದ ಮಾತುಗಳನ್ನು ಕೋಣೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಹೇಳುವವಳೂ ನಾನೇ, ಕೇಳುವವಳೂ ನಾನೇ.

ಮಕ್ಕಳ ಪಾಡು ನಾನು ಬಲ್ಲದ್ದೇ. ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲಿ, ಆಮೇಲೆ ಒಮ್ಮೆಗೇ ಎಲ್ಲವೂ ಇಂಗ್ಲಿಷ್. ಕನ್ನಡ ಮೀಡಿಯಂನಿಂದ ಬಂದು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ ನಮ್ಮ ಮಕ್ಕಳೇ ನೆನಪಾದರು. ಇಲ್ಲೂ ಕೂತು ಮಾತಾಡಿ ಎಂದರೆ ಬಾಯಿ ಬಿಡದವರು, ಎದ್ದು ಪೊಲೀಸನಾಗು, ಜಗಳಗಂಟಿಯಾಗು ಎಂದರೆ ತಪ್ಪೋ ಒಪ್ಪೋ ಇಂಗ್ಲಿಷಿನಲ್ಲೇ ಬೈದಾಡಿಕೊಂಡರು. ಆ ದಿನ ಕೋಣೆಗೆ ನಗುತ್ತಾ ಹೋದೆ. ಯಾರಿಗಾದರೂ ಹೇಳೋಣವೆಂದರೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ನಮ್ಮ ತಂಡದ ನಿರ್ದೇಶಕ ರಾಘಣ್ಣ ಫೋನ್ ಮಾಡಿದರು. ನಮ್ಮ ಹಳೆಯ ನಾಟಕವನ್ನು ಮತ್ತೆ ಆಡುತ್ತಾರಂತೆ. ಅಣೆಕಟ್ಟಿನಲ್ಲಿ ಮುಳುಗಲಿರುವ ಊರನ್ನು ಬಿಡಲೊಪ್ಪದ ಮುದುಕಿಯ ಪಾತ್ರ ವರ್ಷಗಟ್ಟಲೆ ನನ್ನದಾಗಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಶೈಲಜಾಗೆ ಈಗ ಅದನ್ನು ಕೊಟ್ಟಿದ್ದೇನೆ, ಬೇಜಾರಿಲ್ಲ ತಾನೇ ಎಂದರು. ಇಲ್ಲ ಎಂದೆ.

ಪ್ರದರ್ಶನದ ಸಂಜೆ ಅಕ್ಕ ಮುಂದಿನ ಸಾಲಿನಲ್ಲಿ ಕೂತು, ನನಗೆ ಫೋನ್ ಮಾಡಿ, ಅದನ್ನು ಹಾಗೇ ಮಡಿಲಲ್ಲಿಟ್ಟುಕೊಂಡಳು. ಇಲ್ಲಿ ಇನ್ನೂ ಇಳಿಹೊತ್ತು. ಶಾಲೆಯ ಸ್ಟಾಫ್ ರೂಮಿನಲ್ಲಿ ಕಿವಿಗೆ ಫೋನ್ ಒತ್ತಿ ಕೂತೆ. ಊರು ಖಾಲಿ ಮಾಡಿಸಲು ಬಂದ ಅಧಿಕಾರಿಗೆ ಮುದುಕಿ ಹೇಳುವ ಮಾತು ಬಂತು: "ಮೊದ್ಲು ಕೂತ್ಕೊ. ಮಜ್ಜಿಗೆ ಕುಡಿ. ಆಮೇಲೆ ಮುಳುಗ್ಸು." ನಾನು ಪ್ರತಿ ಸಲ ಮಜ್ಜಿಗೆಯ ನಂತರ ತಡೆಯುತ್ತಿದ್ದೆ, ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಶೈಲಜಾ ತಡೆಯಲಿಲ್ಲ. ಒಂದೇ ಉಸಿರಿಗೆ ಹೇಳಿದಳು. ಸಭೆ ಹೋ ಎಂದು ನಕ್ಕಿತು, ನಕ್ಕ ಮೇಲೆ ಥಟ್ಟನೆ ಸುಮ್ಮನಾಯಿತು. ಆ ಮೌನ ನನಗೆ ಎಂದೂ ಸಿಕ್ಕಿರಲಿಲ್ಲ.

ಆಮೇಲೆ ಅಕ್ಕ ಹೇಳಿದಳು, "ಚೆನ್ನಾಗೇ ಮಾಡಿದ್ಲು ಕಣೆ. ಸುಳ್ಳು ಹೇಳಕ್ಕಾಗಲ್ಲ."

ಜೊತೆಯ ಅಧ್ಯಾಪಕಿ ನೀಮಾ ಒಳಗೆ ಬಂದಾಗ ನಾನು ಅಳುತ್ತಿದ್ದೆ. ಅವಳು ಪೋಲೆ ಎಂದಳು. ಅದು ಕ್ಷಮೆಯ ಮಾತಲ್ಲ; ನಿನ್ನ ಕಷ್ಟ ನನಗೆ ಕಾಣುತ್ತಿದೆ ಎಂಬ ಮಾತು. ಯಾರು ತೀರಿಕೊಂಡರು ಎಂದು ಕೇಳಿದಳು. ಯಾರೂ ಇಲ್ಲ, ಒಂದು ಪಾತ್ರ ಕೈಬಿಟ್ಟುಹೋಯಿತು ಎಂದು ವಿವರಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಅವಳು ನಗಲಿಲ್ಲ. ಹಾಗಾದರೆ ಆ ಮುದುಕಿಯನ್ನು ಇಲ್ಲಿಗೆ ಕರೆಸು ಎಂದಳು.

ನಾಟಕವನ್ನು ಸರಳ ಇಂಗ್ಲಿಷಿಗೆ ತಂದು ಮಕ್ಕಳಿಗೆ ಕಲಿಸಿದೆ. ಮುದುಕಿಯಾದವಳು ರೆಹೆಮಾ ಎಂಬ ಹುಡುಗಿ. ಮಜ್ಜಿಗೆಯ ಜಾಗದಲ್ಲಿ ಚಾಯ್ ಬಂತು. ಎಲ್ಲಿ ತಡೆಯಬೇಕೆಂದು ಹೇಳಿಕೊಡಲು ಬಾಯಿ ತೆರೆದವಳು ಸುಮ್ಮನಾದೆ. ಪ್ರದರ್ಶನದ ದಿನ ಅವಳು ಆ ಮಾತನ್ನು ಅಧಿಕಾರಿಗೆ ಹೇಳದೆ, ಎದುರು ಕೂತಿದ್ದ ಅಮ್ಮಂದಿರ ಕಡೆ ತಿರುಗಿ ಸ್ವಾಹಿಲಿಯಲ್ಲಿ ಹೇಳಿಬಿಟ್ಟಳು. ಹೆಂಗಸರೆಲ್ಲ ಎದ್ದು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಸಂತೋಷವಾಯಿತು. ಒಂಟಿ ಎನ್ನಿಸಿದ್ದೂ ನಿಜ.

ಎರಡು ವರ್ಷ ಮುಗಿದಾಗ ಇನ್ನೊಂದು ವರ್ಷ ಇರಲು ಒಪ್ಪಿಕೊಂಡು, ಡಿಸೆಂಬರ್ ರಜೆಗೆ ಊರಿಗೆ ಬಂದೆ. ಅಕ್ಕನೊಂದಿಗೆ ಶಿವಮೊಗ್ಗದಲ್ಲಿ ತಂಡದ ರಿಹರ್ಸಲ್ಲಿಗೆ ಹೋದೆ. ಶೈಲಜಾ ಎದ್ದುಬಂದು ಕೈ ಹಿಡಿದುಕೊಂಡಳು.

"ಮೇಡಂ, ಮುಂದಿನ ಶೋ ನೀವೇ ಮಾಡಿ. ಇದು ನಿಮ್ಮ ಪಾತ್ರ."

"ಇಲ್ಲ ಶೈಲಜಾ, ಜನವರಿಗೆ ವಾಪಸ್ ಹೋಗ್ಬೇಕು ನಾನು" ಎಂದೆ.

ಭದ್ರಾವತಿಯ ಬಸ್ಸಿನಲ್ಲಿ ಅಕ್ಕ ಇಬ್ಬರ ಟಿಕೆಟ್ಟನ್ನೂ ತಾನೇ ತೆಗೆದುಕೊಂಡಳು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು, "ವಾಪಸ್ ಅಂದ್ರೆ ಇಲ್ಲಿಗೆ ಬರೋದು ಅಂದ್ಕೊಂಡಿದ್ದೆ ಕಣೆ ನಾನು."

ನ್ಯೂ ಟೌನ್‌ನಲ್ಲಿ ಇಳಿಯುವವರು ಬನ್ನಿ ಎಂದು ಕಂಡಕ್ಟರ್ ಕೂಗಿದ. ಅಕ್ಕ ಕೂಡಲೇ ಎದ್ದಳು. ಅದು ನಮ್ಮ ಸ್ಟಾಪ್ ಎಂದು ನನಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.