ಮರಿಲಿಂಗಮ್ಮ ಖಾಲಿ ಬಿಟ್ಟ ಹಾಳೆಗಳು

ಕೊಂಕಲ್ಲಿನ ಮರಿಲಿಂಗಮ್ಮನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಕಿವಿ. ಶಹಾಪುರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಅವು ತಿಂಗಳಿಡೀ ಕೆಂಪಗಿದ್ದವು.

ಕಾರಣ, ತಂಡ. ಅಧ್ಯಾಪಕ ಪರಮಣ್ಣ ಸರ್ ಮೂರು ದಿನದ ತರಬೇತಿಗೆ ಹೋಗಿ ಜ್ಞಾನೋದಯವಾಗಿ ಮರಳಿದ್ದರು. "ಇನ್ನ ಮುಂದ ನೌಕರಿ ಕೊಡೋರು ಕೂಡಿ ದುಡಿಯೋರನ್ನ ಹುಡುಕ್ತಾರ" ಎಂದು ಸಾರಿ, ಮೂರು ಮೂರು ಮಂದಿಯ ಪಡೆ ಕಟ್ಟಿದರು. ಪಡೆಗೊಂದು ವರದಿ, ಎಲ್ಲರಿಗೂ ಒಂದೇ ಅಂಕ. ನಪಾಸಾದರೆ ಡಿಗ್ರಿ ಒಂದು ವರ್ಷ ಮುಂದಕ್ಕೆ.

ಮರಿಲಿಂಗಮ್ಮನಿಗೆ ಇಬ್ಬರು ವೀರರು ಸಿಕ್ಕರು. ರಂಗಂಪೇಟೆಯ ನೀಲಕಂಠ ತನ್ನನ್ನು ತಾನೇ ನಾಯಕನೆಂದು ಘೋಷಿಸಿಕೊಂಡ. ಅಂಬಣ್ಣ ವಾಟ್ಸಾಪ್ ಗುಂಪು ತೆರೆದು ಸಿಂಹದ ಚಿತ್ರ ಹಾಕಿದ. ಅಲ್ಲಿಗೆ ಇಬ್ಬರ ದಂಡಯಾತ್ರೆಯೂ ಮುಗಿಯಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರೇಕೆ ಮುಟ್ಟುವುದಿಲ್ಲ ಎಂದು ಕೇಳುತ್ತಾ ಇಪ್ಪತ್ತೆರಡು ಹೊಲ ತಿರುಗಿ, ರೈತರ ಬೈಗುಳವನ್ನೂ ಬಿಡದೆ ಬರೆದುಕೊಂಡವಳು ಅವಳೊಬ್ಬಳೇ.

"ನಿನ್ನ ಅಕ್ಷರ ಚಂದ ಅದಾವ, ನೀನೇ ಬರಿಯವ್ವಾ" ಎಂದು ನಾಯಕ ಕೃಪೆ ಮಾಡಿದ.

ಅವಳ ತಾಯಿ ದೇವಕಮ್ಮ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿನ ಮುಂದಾಳು.

"ಯವ್ವಾ, ನಿಮ್ಮ ಗುಂಪಿನ್ಯಾಗ ಒಬ್ಬಾಕಿ ಸುಮ್ಮ ಕುಂತ್ರ ಏನ್ ಮಾಡ್ತಿ?"

"ಆಕಿ ಪಾಲು ಯಾರೂ ಹಚ್ಚಂಗಿಲ್ಲ. ಹಸರು ಗದ್ದಿ ನಡುವ ಬೋಳು ಪಟ್ಟಿ ಕಾಣ್ತದ. ಹಾದಿಲೆ ಹೋಗೋರೂ ಕೇಳ್ತಾರ, ಇದು ಯಾರ್ದಂತ."

ಮಗಳು ಆ ಇಬ್ಬರ ಪಾಲಿಗೆಂದು ಬರೆದಿದ್ದ ಇಪ್ಪತ್ತು ಪುಟ ಕಿತ್ತು ಚೀಲಕ್ಕೆ ತುರುಕಿದಳು.

ವರದಿ ಒಪ್ಪಿಸುವ ದಿನ ಪರಮಣ್ಣ ಸರ್ ಹಾಳೆ ತಿರುವಿದರು. ಮೇಲೆ ನೀಲಕಂಠನ ಹೆಸರು, ಕೆಳಗೆ ಬಯಲು. ಅಂಬಣ್ಣನ ಹೆಸರು, ಮತ್ತೆ ಬಯಲು.

"ಇದೇನಿದು?"

"ಅವರ ಪಾಲ್ರಿ ಸರ್."

ಕ್ಲಾಸು ನಕ್ಕಿತು. ಸರ್ ನಗಲಿಲ್ಲ. "ತಂಡ ಅಂದಮ್ಯಾಲ ಹೊಂದ್ಕೊಂಡು ಹೋಗಬೇಕು. ಹಿಂಗಿದ್ರ ಮೂರೂ ಮಂದಿ ನಪಾಸ್."

ಅವಳ ಕಿವಿ ಕೆಂಡವಾದವು. "ಇನ್ನೊಂದು ಹಾಳಿ ತಿರುವ್ರಿ ಸರ್."

ಅಲ್ಲಿ 'ಮಾರ್ಗದರ್ಶನ: ಪರಮಣ್ಣ' ಎಂದಿತ್ತು. ಕೆಳಗೆ ಬೋಳು.

"ನಾಕು ಸಲ ನಿಮ್ಮ ಖೋಲಿಗಿ ಬಂದೀನ್ರಿ. ನಾಕೂ ಸಲ 'ನಿಮ್ಮನಿಮ್ಮಾಗ ಮಾತಾಡ್ಕೋರಿ' ಅಂದ್ರಿ. ಇದನ್ನ ಹೊರಗಿನ ಪರೀಕ್ಷಕರೂ ನೋಡ್ತಾರಲ್ರಿ?"

ಗುರುಗಳು ವರದಿಯನ್ನು ಮೆಲ್ಲನೆ ಮುಚ್ಚಿದರು. "ಎಂಟು ದಿನ ಟೈಮ್ ಕೊಟ್ಟೀನಿ" ಎಂದರು, ಯಾರಿಗೆಂದು ಹೇಳದೆ.

ಭಾನುವಾರ ಕೊಂಕಲ್ಲಿನಲ್ಲಿ ವಡಗೇರಾ ಬಸ್ಸಿನಿಂದ ಮೂವರು ಯೋಧರು ಇಳಿದರು. ಹಿರಿಯ ಯೋಧ ಪರಮಣ್ಣ ಸರ್ ಕೈಯಲ್ಲಿ ಛತ್ರಿ. ಮರಿಲಿಂಗಮ್ಮ ಕಾಲುವೆಯ ಒಡ್ಡಿನ ಮೇಲೆ ಕಾಲು ಚಾಚಿ ಕುಳಿತಿದ್ದಳು.

"ನೀ ಬರಂಗಿಲ್ಲೇನು?" ನೀಲಕಂಠ ಕೆಸರಿನಿಂದ ಕಾಲು ಕೀಳುತ್ತ ಕೇಳಿದ.

"ನನ್ನ ಪಾಲು ಮುಗದದ. ನಡೀ ನಾಯಕ, ಇನ್ನ ಹದಿನೈದು ಹೊಲ ಅದಾವ."

ಚೀಲದಲ್ಲಿದ್ದ ಇಪ್ಪತ್ತು ಪುಟದ ಬಗ್ಗೆ ಅವಳು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮೂವರೂ ಪಾಸಾದರು, ಅಂಕ ಮೂವರಿಗೂ ಒಂದೇ ಬಂತು. ಅದನ್ನು ನೆನೆದರೆ ಈಗಲೂ ಅವಳ ಕಿವಿ ಕೆಂಪಾಗುತ್ತವೆ.