ಹುಕ್ಕು ಹಚ್ಚದ ಜಂಪರು

ಕಳೆದ ವಾರ ಸಂಜೆ ಠಾಣೆಯಲ್ಲಿ ಹತ್ತಿದ ಕಲ್ಯಾಣ ಲೋಕಲ್‌ನಲ್ಲಿ ಎದುರು ಸೀಟಿನ ಹೆಂಗಸೊಬ್ಬಳು ಮಡಿಲಲ್ಲಿ ಪೇಪರು ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸತೊಡಗಿದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಎದುರು ಮನೆಯ ಟೀಚರ್ ನೆನಪಾದರು.

ಡೊಂಬಿವಲಿಯಲ್ಲಿ ನಮ್ಮದು ಒಂದೇ ಮಹಡಿ. ವಿಜಯಪುರದ ಕಡೆಯವರಾದ ಅವರು ಠಾಣೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ನನ್ನ ಆಫೀಸೂ ಅಲ್ಲೇ. ಹೋಗುವಾಗ, ಬರುವಾಗ ಲೇಡೀಸ್ ಡಬ್ಬಿಯಲ್ಲಿ ಜೊತೆ. ಸಂಜೆ ಮುಂಬ್ರಾ ದಾಟುವುದರೊಳಗೆ ಒಂದು ಕಟ್ಟು ಸೊಪ್ಪು ಬಿಡಿಸಿ ಮುಗಿಸುತ್ತಿದ್ದರು. ಸೊಪ್ಪಿಗೆ ಅವರು ತಪ್ಪಲಪಲ್ಯ ಎನ್ನುವುದು. ನಡುನಡುವೆ ಹಸಿ ಎಲೆಯನ್ನೇ ಬಾಯಿಗೆ ಹಾಕಿಕೊಳ್ಳುವುದನ್ನು ಕಂಡು, “ಎಂತ ಮಾರಾಯ್ರೆ, ಆಡಿನ ಹಾಗೆ!” ಎಂದು ನಾನು ರೇಗಿಸುತ್ತಿದ್ದೆ.

ಅವರ ಹೃದಯದ ಕವಾಟ ಕೆಟ್ಟು, ಲೋಹದ್ದೊಂದನ್ನು ಹಾಕಿದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ಜೀವಮಾನವಿಡೀ ಗುಳಿಗೆ. ಕೆಲಸಕ್ಕೆ ಮರಳಿದ ಮೇಲೆ ಅದನ್ನೂ ನಮಗೆ ಪಾಠ ಮಾಡಿದರು.

“ಹೆಪ್ಪುಗಟ್ಟಸೋ ಪ್ರೋಟೀನನ್ನ ಲಿವರಿನ ಜೀವಕೋಶ ಮಾಡ್ತಾವ. ಮಾಡಿದ್ರಷ್ಟ ಆಗಲಿಲ್ಲ, ಅದು ಕೆಲಸಕ್ಕ ಬರಬೇಕಲ್ಲ? ಜಂಪರ ಹೊಲಿದು ಹುಕ್ಕು ಹಚ್ಚದಿದ್ರ ತೊಡಾಕ ಬರ್ತದೇನು? ಆ ಹುಕ್ಕು ಹಚ್ಚಾಕ ತಪ್ಪಲಪಲ್ಯದಾಗಿನ ವಿಟಮಿನ್ ಬೇಕು. ನನ್ನ ಗುಳಿಗಿ ಅದಕ್ಕ ಅಡ್ಡ ನಿಲ್ತದ.”

“ಹಾಗಾದ್ರೆ ಸೊಪ್ಪು ಬಿಟ್ಟುಬಿಡಿ” ಎಂದೆ.

“ಪೂರಾ ಬಿಟ್ರ ಗುಳಿಗಿದ ಕೈ ಮೇಲಾಗಿ ಹುಕ್ಕೇ ಹತ್ತಂಗಿಲ್ಲ. ರಕ್ತ ಸೋರಿದ್ರ ನಿಲ್ಲಂಗಿಲ್ಲ. ದಿನಾ ಅಷ್ಟಷ್ಟ ತಿನ್ನಬೇಕು. ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ.”

ರಕ್ತಪರೀಕ್ಷೆ ನೋಡಿ ಡಾಕ್ಟರು ಗುಳಿಗೆ ಹೊಂದಿಸುತ್ತಿದ್ದರು. ಎಲ್ಲ ಸರಿಯಾಗಿಯೇ ನಡೆದಿತ್ತು...

ಆಮೇಲೆ ಊರಿನಿಂದ ಅವರ ಅವ್ವ ಬಂದರು. ಮಗಳ ಗುಳಿಗೆಗೂ ಸೊಪ್ಪಿಗೂ ಆಗಿಬರುವುದಿಲ್ಲವೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಬಂದವರೇ ಮನೆಯಿಂದ ಸೊಪ್ಪನ್ನು ಗಡೀಪಾರು ಮಾಡಿದರು. ಒಗ್ಗರಣೆಯ ಮೇಲಿನ ಕೊತ್ತಂಬರಿಯೂ ಹೋಯಿತು. ಮಗಳ ಡಬ್ಬಿಗೆ ಬದನೆಕಾಯಿ, ಕಾಳು, ಮೊಸರನ್ನ. ಟೀಚರ್ ಬಿಡಿಸಿ ಬಿಡಿಸಿ ಹೇಳಿದರು. ಅವ್ವ ಕೇಳದೆ, ಒಂದೆಲೆಯನ್ನೂ ಮುಟ್ಟುವುದಿಲ್ಲವೆಂದು ಅತ್ತು ಕರೆದು ಆಣೆ ಹಾಕಿಸಿಕೊಂಡರು. ಆಪರೇಷನ್ನಿನಲ್ಲಿ ಸಾವಿನ ಬಾಗಿಲವರೆಗೆ ಹೋಗಿಬಂದ ಮಗಳನ್ನು ಮತ್ತೆ ಕಳೆದುಕೊಳ್ಳುವ ಭಯ ಅವರಿಗೆ.

“ಇಡೀ ಕ್ಲಾಸಿಗೆ ತಿಳಿಸ್ತೀನಿ, ನಮ್ಮವ್ವಗ ತಿಳಸಾಕ ಆಗವಲ್ದು ನೋಡವಾ” ಎಂದು ಟ್ರೇನಿನಲ್ಲಿ ನಕ್ಕರು. “ಇರ್ಲಿ. ಸೋಮವಾರ ರಕ್ತ ತೋರ್ಸಿ ಗುಳಿಗಿನ ಕಡಿಮಿ ಮಾಡಿಸ್ಕೋತೀನಿ. ಅಕಿಗೂ ಸಮಾಧಾನ.”

ಶನಿವಾರ ಬೆಳಿಗ್ಗೆ ತಲೆನೋವೆಂದು ಮಲಗಿದವರು ಏಳಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಂಡಿತ್ತೆಂದು, ಸೊಪ್ಪು ಪೂರ್ತಿ ನಿಂತದ್ದೇ ಕಾರಣವಿರಬೇಕೆಂದು ಆಸ್ಪತ್ರೆಯವರು ಅವರ ಗಂಡನಿಗೆ ಹೇಳಿದರಂತೆ. ಅವರು ಅದನ್ನು ನನಗೊಬ್ಬಳಿಗೆ ಹೇಳಿ, “ನಮ್ಮತ್ತಿಯವ್ರಿಗೆ ಗೊತ್ತಾಗೋದು ಬ್ಯಾಡ್ರಿ” ಎಂದರು. ಅತ್ತೆಯೆಂದರೆ ಅವ್ವ... ಎಂಥ ಬಾಳು ಇದು.

ಅವ್ವ ಈಗಲೂ ಎದುರು ಮನೆಯಲ್ಲೇ ಇದ್ದಾರೆ, ಮೊಮ್ಮಗಳಿಗೆ ಅಡುಗೆ ಮಾಡಿ ಹಾಕಿಕೊಂಡು. ಮೊನ್ನೆ ಲಿಫ್ಟಿನ ಬಳಿ ನನ್ನ ಕೈ ಹಿಡಿದುಕೊಂಡರು.

“ನೀ ದಿನಾ ಅಕಿ ಕೂಡ ಇರ್ತಿದ್ದಿ. ಖರೇ ಹೇಳವಾ, ನಾ ಬ್ಯಾಡಂದ್ರೂ ಟ್ರೇನಿನ್ಯಾಗ ತಪ್ಪಲಪಲ್ಯ ತಿಂತಿದ್ಳೇನು?”

ಆಣೆಗೆ ಕಟ್ಟುಬಿದ್ದ ಟೀಚರ್ ಒಂದೆಲೆಯನ್ನೂ ಮುಟ್ಟಿರಲಿಲ್ಲ. ಇಲ್ಲವೆಂದರೆ, ಮತ್ತೆ ಯಾಕೆ ಹೋದಳು ಎಂದು ಅವ್ವ ಕೇಳುತ್ತಾರೆ. ಹೌದೆಂದರೆ, ಸತ್ತವರ ಮೇಲೆ ಸುಳ್ಳು ಹೊರಿಸಿದ ಹಾಗೆ.

“ನಾನು ನೋಡ್ಲಿಲ್ಲ ಅವ್ವಾ” ಎಂದೆ.

“ತಿಂದಿರಬೇಕು” ಎಂದರು ಅವರು, ನನ್ನ ಕೈ ಸವರುತ್ತ. “ಸಣ್ಣಾಕಿ ಇದ್ದಾಗಿಂದ ಅಕಿ ನನ್ನ ಮಾತು ಕೇಳಿದಾಕೀನ ಅಲ್ಲ.”